ಒಳಕ್ಕೆ ಮಾತ್ರ ತಿರುಗುವ ಗೇಟು

ಬೆಟ್ಟದ ಸುತ್ತುದಾರಿಯ ಉಸ್ತುವಾರಿ ಹೊತ್ತೂ ಬೆಟ್ಟ ಹತ್ತದ ಮಾನ್ಯರೇ,

ಕಳೆದ ತಿಂಗಳು ನಿಮ್ಮ ಗೇಟಿನೊಳಗೆ ನಾನೂ ನನ್ನ ಅಕ್ಕನೂ ಅರ್ಧ ದಿನ ಸಿಕ್ಕಿಹಾಕಿಕೊಂಡಿದ್ದೆವು. ಅಕ್ಕನ ಕಾಲು ಮುರಿದಿತ್ತು. ಎದುರಿಗೇ ಬಸ್ ನಿಲ್ದಾಣ ಕಾಣುತ್ತಿತ್ತು. ಇಷ್ಟಾದ ಮೇಲೆ ನಿಮ್ಮ ಕಚೇರಿಯಿಂದ ಬಂದದ್ದು ಒಂದು ನೋಟಿಸು. ಏಕಮುಖ ದಾರಿಯಲ್ಲಿ ಹಿಂದಕ್ಕೆ ಬಂದು ನಿಯಮ ಮುರಿದಿದ್ದೇವಂತೆ, ಗೇಟಿನ ಸರಳು ಕತ್ತರಿಸಿ ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದೇವಂತೆ. ಇದಕ್ಕೆ ಗುಟ್ಟಾಗಿ ಉತ್ತರ ಕೊಡುವ ಮನಸ್ಸಾಗಲಿಲ್ಲ. ಊರೆಲ್ಲ ಓದಲಿ ಎಂದೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಆ ದಾರಿಯನ್ನು ನೀವು ನಕ್ಷೆಯಲ್ಲಿ ನೋಡಿರುತ್ತೀರಿ. ಅಲ್ಲಿ ಅದು ಅಂದವಾದ ಹಸಿರು ಗೆರೆ, ಅದನ್ನು ನಾಲ್ಕು ಕಡೆ ದಾಟುವ ನೀಲಿ ಗೆರೆಗಳು. ನೆಲದ ಮೇಲೆ ಹಸಿರು ಗೆರೆಯೆಂದರೆ ಮೊಣಕಾಲುದ್ದದ ಕೆಸರು. ನನ್ನ ಒಂದು ಬೂಟು ಈಗಲೂ ಅದರೊಳಗಿದೆ. ಬೇಕಿದ್ದರೆ ಇಲಾಖೆಯ ಆಸ್ತಿಗೆ ಸೇರಿಸಿಕೊಳ್ಳಿ. ಮೊದಲ ತೊರೆಯ ಹೆಜ್ಜೆಗಲ್ಲುಗಳು ಕೊಚ್ಚಿಹೋಗಿವೆ. ಎರಡನೆಯ ತೊರೆಗೆ ಕಟ್ಟಿದ ಹಗ್ಗದ ಒಂದು ತುದಿ ಮರದಲ್ಲಿದೆ, ಇನ್ನೊಂದು ನೀರಿನಲ್ಲಿ ತೇಲುತ್ತಿದೆ. ಪ್ರವೇಶದ್ವಾರದಲ್ಲಿ ಮಾತ್ರ "ಇಂದಿನ ಸ್ಥಿತಿ: ಉತ್ತಮ" ಎಂಬ ಫಲಕ, ಅದೂ ಆಯಿಲ್ ಪೇಂಟಿನಲ್ಲಿ. ದಿನಾ ಬದಲಾಗುವ ಸ್ಥಿತಿಯನ್ನು ಅಳಿಸಲಾಗದ ಬಣ್ಣದಲ್ಲಿ ಬರೆಸುವ ಯೋಚನೆ ಯಾವ ಮಹಾನುಭಾವರದು? ನಾನು ಕನ್ನಡಕದ ಅಂಗಡಿ ನಡೆಸುವವಳು. ದಾರಿಯನ್ನು ಪರಿಶೀಲಿಸಿ ಸಹಿ ಹಾಕಿದವರನ್ನು ನಮ್ಮಲ್ಲಿಗೆ ಕಳಿಸಿಕೊಡಿ, ಕಣ್ಣಿನ ಪರೀಕ್ಷೆ ಪುಕ್ಕಟೆ.

ನನ್ನಕ್ಕ ನಿವೃತ್ತ ಮುಖ್ಯೋಪಾಧ್ಯಾಯಿನಿ. ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಕೆಂಪು ದೀಪ ಕಂಡರೆ ನಿಲ್ಲುವ ಹೆಂಗಸು. ಎರಡನೆಯ ತೊರೆ ಉಕ್ಕುತ್ತಿದ್ದುದನ್ನು ನೋಡಿ ನಾನು, "ಸಾಕು ಕಣಕ್ಕಾ, ವಾಪಸ್ ಹೋಗೋಣ" ಅಂದೆ.

"ಹಿಂದಕ್ಕೆ ಬರಬಾರ್ದು ಅಂತ ಬೋರ್ಡ್ ಹಾಕಿಲ್ವೇನೇ? ಓದ್ಕೊಂಡೇ ತಾನೇ ಒಳಗೆ ಬಂದಿದ್ದು?" ಎಂದವಳೇ ನೀರಿಗೆ ಕಾಲಿಟ್ಟುಬಿಟ್ಟಳು. ಕಾಲಡಿಯ ಕಲ್ಲು ಉರುಳಿತು. ಅವಳನ್ನು ರಟ್ಟೆ ಹಿಡಿದು ದಡಕ್ಕೆ ಎಳೆದು ನೋಡಿದರೆ ಕಾಲು ಮುರಿದಿತ್ತು. ಮುಂದೆ ಅದೇ ತೊರೆ, ಅದರಾಚೆ ಇನ್ನೆರಡು. ಹಿಂದೆ ದಾಟಿ ಬಂದಿದ್ದ ಮೊದಲ ತೊರೆ, ಕೆಸರು ಮತ್ತು ನಿಮ್ಮ ನಿಯಮ. ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ?

ಅವಳನ್ನು ಹೊತ್ತು, ಎಳೆದು, ಹೇಗೋ ಗೇಟಿಗೆ ತಂದೆ. ಎದುರುಬದುರಾಗಿ ಬಂದವರು ಇಕ್ಕಟ್ಟಿನಲ್ಲಿ ಡಿಕ್ಕಿ ಹೊಡೆಯಬಾರದೆಂದು ನೀವು ಹಾಕಿಸಿದ, ಚಕ್ರದಂತೆ ಸುತ್ತುವ ಆ ಆಳೆತ್ತರದ ಕಬ್ಬಿಣದ ಗೇಟು ಒಳಕ್ಕೆ ಮಾತ್ರ ತಿರುಗುತ್ತದೆ. ಅಕ್ಕಪಕ್ಕದಲ್ಲಿ ಬೆಟ್ಟದವರೆಗೂ ಮುಳ್ಳುತಂತಿ. ಗೇಟಿನ ಹೊರಗಿದ್ದ ಕಾವಲುಗಾರ ನಮ್ಮನ್ನು ನೋಡಿ ಪೆಚ್ಚಾದ.

"ಇದು ಒಳಗ್ ಹೋಗೋ ಗೇಟಮ್ಮಾ. ಹೊರಗ್ ಹೋಗೋದು ಬೆಟ್ಟದ ಆ ಕಡೆ ಇದೆ."

"ಆ ಕಡೆಗೆ ಹೋಗೋಕೆ ಇವಳಿಗೆ ಕಾಲು ಬೇಕಲ್ಲಪ್ಪಾ."

"ಹೌದಲ್ವಾ," ಎಂದು ಪಾಪ, ನಿಮ್ಮ ಕಚೇರಿಗೆ ಫೋನ್ ಮಾಡಿದ. ತುಂಬ ಹೊತ್ತು ಹ್ಞೂಂ ಹ್ಞೂಂ ಅಂದು ನಮ್ಮ ಕಡೆ ತಿರುಗಿದ. "ಸಾಹೇಬ್ರು ಮೀಟಿಂಗಲ್ಲಿದಾರಂತೆ. ಅದು ಮುಗಿಯೋವರೆಗೂ ನಿಮ್ಗೆ ಇಲ್ಲೇ ಇರೋಕೆ ಹೇಳ್ಬೇಕಂತೆ."

ಇದ್ದೆವು ಸ್ವಾಮಿ. ಬೇರೆಲ್ಲಿಗೆ ಹೋಗುವುದು? ಅವನು ಸರಳುಗಳ ಸಂದಿಯಿಂದ ಟೀ ಕೊಟ್ಟ. ಬಸ್ಸುಗಳು ಬಂದವು, ಹೋದವು. ಇಳಿದವರು ಮೃಗಾಲಯಕ್ಕೆ ಬಂದವರಂತೆ ನಮ್ಮನ್ನು ನೋಡಿದರು, ಒಂದು ಮಗು ಬಿಸ್ಕತ್ತು ಎಸೆಯಿತು. ಅಕ್ಕ ಎರಡೂ ಕೈಯಿಂದ ಸರಳು ಹಿಡಿದುಕೊಂಡು ಅತ್ತಳು. ಅವಳು ಅಳುವುದನ್ನು ನಾನು ಅದುವರೆಗೂ ನೋಡಿರಲಿಲ್ಲ. ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅದನ್ನು ಬರೆದರೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಕೊನೆಗೆ ಕಾವಲುಗಾರನೇ ಎದುರಿನ ಗ್ರಿಲ್ ಅಂಗಡಿಯವನನ್ನು ಕರೆತಂದು ಸರಳು ಕೊಯ್ಯಿಸಿದ. ನಿಮ್ಮ ಸಾಹೇಬರ ಮೀಟಿಂಗ್ ಮುಗಿಯಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಮೂಳೆ ಕೂಡುತ್ತಿದೆ. ಆದರೆ ಅಕ್ಕ ಈಗ ಬಚ್ಚಲಮನೆಯ ಚಿಲಕ ಹಾಕುವುದಿಲ್ಲ, ಮಲಗುವ ಕೋಣೆಯ ಬಾಗಿಲು ಮುಚ್ಚಲು ಬಿಡುವುದಿಲ್ಲ, ಹೊಸಿಲು ದಾಟಿ ಹೊರಗೂ ಹೋಗುವುದಿಲ್ಲ. ಕುರ್ಚಿಯಲ್ಲಿ ಕೂತು ನಿಮ್ಮ ನೋಟಿಸನ್ನು ಮತ್ತೆ ಮತ್ತೆ ಓದುತ್ತಾಳೆ. "ಬೋರ್ಡ್ ಇತ್ತಲ್ವೇನೇ? ತಪ್ಪು ನಮ್ಮದೇ," ಅನ್ನುತ್ತಾಳೆ. ನಿಮಗೆ ತಪ್ಪೊಪ್ಪಿಗೆ ಬರೆದು ಕಳಿಸುತ್ತಾಳಂತೆ. ನಾನು ಪೆನ್ನು ಬಚ್ಚಿಟ್ಟಿದ್ದೇನೆ.

ಆದ್ದರಿಂದ ಮಾನ್ಯರೇ, ಮುಂದಿನ ಮಳೆಗೆ ಮೊದಲು ಆ ಗೇಟು ಎರಡೂ ಕಡೆ ತಿರುಗಬೇಕು. ಹಗ್ಗದ ಎರಡೂ ತುದಿ ಕಟ್ಟಿರಬೇಕು. ನೀರು ಏರಿದ ದಿನ ದಾರಿ ಮುಚ್ಚಿರಬೇಕು. ಇವಕ್ಕೆಲ್ಲ ಕಡತ ಓಡಬೇಕೆಂದು ನೀವು ಹೇಳಬಹುದು. ಕಡತವೇ ಬೇಡದ ಕೆಲಸ ಒಂದಿದೆ. ನಮ್ಮ ಮನೆಗೆ ಬನ್ನಿ, ಅಕ್ಕನ ಎದುರು ಕೂತು ತಪ್ಪು ಅವಳದಲ್ಲ ಎಂದು ಹೇಳಿ. ನಾನು ಹೇಳಿ ಹೇಳಿ ಸೋತೆ. ನನ್ನ ಮಾತನ್ನು ಅವಳು ನಂಬುವುದಿಲ್ಲ. ನಿಮ್ಮ ಮಾತನ್ನು ಈಗಲೂ ನಂಬುತ್ತಾಳೆ.

ಇಂತಿ,
ನಿಮ್ಮ ನಿಯಮ ಮುರಿದು ಅಕ್ಕನನ್ನು ಹೊರಗೆ ತಂದ,
ಇನ್ನೂ ಪೂರ್ತಿ ತರಲಾಗದ ತಂಗಿ