ಹಗಲು ಸೋಫಾ, ರಾತ್ರಿ ಮಂಚ

ಹಾಸ್ಟೆಲ್,
ಭಾನುವಾರ ಮಧ್ಯಾಹ್ನ

ವಿದೌಟ್ ಪ್ರೆಜುಡಿಸ್

ಪ್ರೀತಿಯ ಅಮ್ಮ,

ಮೇಲಿನ ಎರಡು ಪದ ನೋಡಿ ನೀನು ಕನ್ನಡಕವನ್ನು ಹಣೆಗೇರಿಸಿರುತ್ತೀಯ. ಆ ಪದಗಳ ಅರ್ಥ ಈಗ ನನಗೆ ಸರಿಯಾಗಿ ಗೊತ್ತು. ಗುರುವಾರ ನೀನೇ ಹೇಳಿಕೊಟ್ಟೆಯಲ್ಲ, ಎಲ್ಲರ ಎದುರು! ರಾಜಿಗೆಂದು ಬರೆದ ಪತ್ರದಲ್ಲಿ ಒಬ್ಬರು ಒಪ್ಪಿಕೊಂಡಿದ್ದನ್ನು ಇನ್ನೊಬ್ಬರು ನಾಳೆ ಅವರ ಮೇಲೆ ಎತ್ತಿ ಆಡುವಂತಿಲ್ಲ. ಹಾಗಾಗಿ ಇದರಲ್ಲಿ ಇರುವುದನ್ನು ನೀನೂ ಎತ್ತಿ ಆಡುವಂತಿಲ್ಲ. ಅಜ್ಜಿಗೂ ಹೇಳುವಂತಿಲ್ಲ. ಒಪ್ಪಿಗೆ ಇದ್ದರೆ ಮಾತ್ರ ಮುಂದೆ ಓದು.

ಓದುತ್ತಿದ್ದೀಯ ಅಂದುಕೊಳ್ಳುತ್ತೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವು “ಊಟ ಆಯ್ತಾ”, “ಆಯ್ತು”, “ಓದ್ತಿದ್ದೀಯಾ”, “ಹ್ಞೂಂ” ದಾಟಿ ಹೋಗುವುದೇ ಇಲ್ಲ. ಅಷ್ಟರಲ್ಲಿ ನಿನ್ನ ಆಫೀಸಿನ ಫೋನ್ ಬಡಿದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ನಾನು ತುಂಬಾ ಸ್ಮಾರ್ಟ್ ಆಗಿಬಿಡುತ್ತೇನೆ, ಹೇಳಬೇಕಾದ್ದು ಒಳಗೇ ಉಳಿಯುತ್ತದೆ. ಅದಕ್ಕೇ ಕನ್ನಡ. ತಪ್ಪುಗಳಿದ್ದರೆ ದಯವಿಟ್ಟು ತಿದ್ದಿ ವಾಪಸ್ ಕಳಿಸಬೇಡ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನೀನು ಹಾಗೆ ಮಾಡಿದ್ದೆ, ನೆನಪಿದೆಯಾ? ನಾನು “ನಿನ್ನ ನೆನೆಪು ತುಂಬಾ ಬರುತ್ತಿದೆ” ಅಂತ ಬರೆದಿದ್ದೆ. ನೀನು ಅದನ್ನು ‘ನೆನಪು’ ಎಂದು ತಿದ್ದಿ, ಅಂಚಿನಲ್ಲಿ ‘ಗುಡ್’ ಅಂತ ಬರೆದು ಕಳಿಸಿದ್ದೆ.

ಈಗ ಗುರುವಾರದ ವಿಷಯಕ್ಕೆ ಬರುತ್ತೇನೆ.

ಮೊದಲ ವರ್ಷದವರನ್ನು ಒಂದು ದಿನ ಹೊರಗೆ ಕರೆದುಕೊಂಡು ಹೋಗುತ್ತಾರೆ ಅಂತ ನಮ್ಮ ಲಾ ಕಾಲೇಜಿನಲ್ಲಿ ನೋಟೀಸು ಹಾಕಿದ್ದರು. ಜೈಲಿಗೆ ಹೋಗಬಹುದು, ಇಲ್ಲವೇ ತೆರಿಗೆ ಕೇಸುಗಳ ರಾಜಿ ನೋಡುವ ಸರ್ಕಾರಿ ವಕೀಲರ ಕಚೇರಿಗೆ. ಹೆಚ್ಚಿನವರು ಜೈಲಿಗೇ ಮುಗಿಬಿದ್ದರು, ಅಲ್ಲಿ ಜಾಗ ಸಿಗದವರು ಕಚೇರಿಯ ಪಟ್ಟಿಗೆ ಬಂದರು. ನಾನು ನಿನ್ನ ಕಚೇರಿಗೆ ಹೆಸರು ಕೊಟ್ಟೆ. ನನ್ನ ರೂಮ್‌ಮೇಟ್ ಸೊಳ್ಳೆ (ಕಿವಿಯ ಹತ್ತಿರ ಸದಾ ಗುಂಯ್‌ಗುಡುತ್ತಿರುತ್ತಾಳೆ, ಅದಕ್ಕೆ ಆ ಹೆಸರು) ಅಲ್ಲಿ ಎಸಿ ಇರುತ್ತದೆ ಎಂಬ ಒಂದೇ ಆಸೆಗೆ ನನ್ನ ಜೊತೆ ಬಂದಳು. ನೀನು ನನ್ನ ಅಮ್ಮ ಅಂತ ಅವಳಿಗೂ ಹೇಳಿರಲಿಲ್ಲ. ನಾನು ಬರುತ್ತೇನೆಂದು ನಿನಗೂ ಹೇಳಲಿಲ್ಲ. ಹೇಳಿದರೆ ನೀನು ಬೇಡ ಅನ್ನುತ್ತೀಯೇನೋ ಎಂಬ ಭಯ. ಇನ್ನೂ ಒಂದು ಕಾರಣವಿತ್ತು: ಕೆಲಸ ಮಾಡುವಾಗ ನೀನು ಹೇಗಿರುತ್ತೀಯ ಅಂತ ನಾನು ನೋಡಿಯೇ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಿನ್ನನ್ನು ಊರಿಂದೂರಿಗೆ ವರ್ಗ ಮಾಡುತ್ತಾ ಹೋದರು, ನಾನು ಒಂದೇ ಹಾಸ್ಟೆಲಿನಲ್ಲಿ ಬೆಳೆಯುತ್ತಾ ಹೋದೆ. ನನಗೆ ಗೊತ್ತಿರುವುದು ರಜೆಯ ಅಮ್ಮ ಮಾತ್ರ.

ನಿನ್ನ ಕೆಲಸ ಅಂದರೆ ಕೋರ್ಟಿನಲ್ಲಿ ಮೇಜು ಗುದ್ದಿ ಗೆಲ್ಲುವುದು ಅಂತ ತಿಳಿದಿದ್ದೆ. ಅಲ್ಲಿ ನೋಡಿದರೆ ಎಲ್ಲಿ ಜಗಳ ಬೇಡ ಅನ್ನುವುದನ್ನು ತೀರ್ಮಾನಿಸುವುದೇ ನಿನ್ನ ಕೆಲಸ! ಉದ್ದ ಮೇಜಿನ ಒಂದು ಕಡೆ ತೆರಿಗೆ ಇಲಾಖೆಯ ಅಧಿಕಾರಿ, ಇನ್ನೊಂದು ಕಡೆ ಪೀಠೋಪಕರಣ ಮಾಡುವ ಮಾಲೀಕರು, ಅವರ ವಕೀಲರು. ನಡುವೆ ನೀನು. ಗೋಡೆಗೆ ಒತ್ತಿ ಹಾಕಿದ್ದ ಕುರ್ಚಿಗಳಲ್ಲಿ ನಾವು. ಮಾಲೀಕರ ಸೋಫಾ ಬಿಚ್ಚಿದರೆ ಮಂಚವಾಗುತ್ತದೆ. ಇಲಾಖೆ ಅದನ್ನು ಸೋಫಾ ಅಂದಿತು, ತೆರಿಗೆ ಜಾಸ್ತಿ. ಅವರು ಮಂಚ ಅಂದರು, ತೆರಿಗೆ ಕಡಿಮೆ. ವರ್ಷಗಟ್ಟಲೆ ಕೋರ್ಟು ಸುತ್ತಿ ಸುಸ್ತಾಗಿ ಇಬ್ಬರೂ ನಡುವಿನ ಒಂದು ದಾರಿಗೆ ಬಂದಿದ್ದರು. ನೀನು ಪರಿಶೀಲಿಸಿ ಸರ್ಕಾರದ ಪರವಾಗಿ ಹ್ಞೂಂ ಅಂದರೆ ಕೇಸು ಮುಗಿಯುತ್ತಿತ್ತು.

“ಮೇಡಂ, ಹಗಲು ಸೋಫಾ, ರಾತ್ರಿ ಮಂಚ. ಅದು ಮಾಡಿದ ತಪ್ಪಾದ್ರೂ ಏನು ಹೇಳಿ!” ಅಂದರು ಮಾಲೀಕರು. ಅಧಿಕಾರಿ ಸುಮ್ಮನಿರಬೇಕಲ್ಲ. “ಹಾಗಾದ್ರೆ ಹಗಲಿಗೊಂದು ಬಿಲ್ಲು, ರಾತ್ರಿಗೊಂದು ಬಿಲ್ಲು ಕೊಡಿ ಸ್ವಾಮಿ” ಅಂದರು. ನೀನು ನಗಲಿಲ್ಲ. ಕಾಗದದಿಂದ ತಲೆಯೆತ್ತಿ, “ತಗೊಂಡೋರು ಅದನ್ನ ಮಡಚಿಟ್ಟಿರ್ತಾರಾ, ಬಿಚ್ಚೇ ಇಟ್ಟಿರ್ತಾರಾ?” ಅಂತ ಕೇಳಿದೆ. ಅಷ್ಟು ವರ್ಷ ಯಾವ ಕೋರ್ಟಿನಲ್ಲೂ ಯಾರೂ ಅದನ್ನು ಕೇಳಿರಲಿಲ್ಲವಂತೆ. ಮಾಲೀಕರು ಗಲ್ಲ ಕೆರೆದುಕೊಂಡರು. “ಅದು ಮಲಗೋರು ಯಾರು ಅನ್ನೋದ್ರ ಮೇಲೆ ಮೇಡಂ. ನೆಂಟರಾದ್ರೆ ಅವರು ಹೊರಡ್ತಿದ್ದ ಹಾಗೆ ಮಡಚಿಬಿಡ್ತಾರೆ. ಮನೆಯವರೇ ಆದ್ರೆ ದಿನಾ ಯಾರು ಮಡಚ್ತಾ ಕೂರ್ತಾರೆ? ಬಿಚ್ಚೇ ಇರತ್ತೆ.”

ಅಧಿಕಾರಿ, “ಮೇಡಂ, ನಿಮ್ಮನೇಲೂ ಇದ್ಯಾ ಅಂಥದ್ದು?” ಅಂದರು.

“ಇದೆ. ಆದ್ರೆ ನನ್ನ ಮನೆ ಇಲ್ಲಿ ಸಾಕ್ಷಿ ಅಲ್ಲ” ಅಂದೆ ನೀನು.

ಎಲ್ಲರೂ ನಕ್ಕರು. ಅಮ್ಮ, ನಿನ್ನ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗಿರುವ ಆ ಸೋಫಾದ ಮೇಲೆ ಮಲಗುವವಳು ನಾನು. ಪ್ರತಿ ರಜೆಯಲ್ಲೂ ನಾನು ಬರುವ ಮೊದಲು ನೀನು ಅದನ್ನು ಬಿಚ್ಚಿ ಗೀರುಗೀರಿನ ಹೊದಿಕೆ ಹಾಸಿರುತ್ತೀಯ. ನಾನು ಹೊರಡುವ ದಿನ ಬ್ಯಾಗಿನ ಜಿಪ್ ಎಳೆಯುತ್ತಿರುವಾಗಲೇ ಹಿಂದಿನಿಂದ ಅದು ‘ಟಕ್’ ಅಂತ ಮಡಚಿಕೊಳ್ಳುವ ಸದ್ದು. ಆ ಸದ್ದಿಗೆ ನಾನು ಒಂದು ಸಲವೂ ತಿರುಗಿ ನೋಡಿಲ್ಲ.

ಆಮೇಲೆ ನೀನು ನಮ್ಮ ಕಡೆ ತಿರುಗಿದೆ. ರಾಜಿ ಪತ್ರದ ತಲೆಯಲ್ಲಿ ವಿದೌಟ್ ಪ್ರೆಜುಡಿಸ್ ಅಂತಿದೆ, ಕನ್ನಡದಲ್ಲಿ ಯಾರು ಹೇಳ್ತೀರಾ ಅಂತ ಕೇಳಿದೆ. ಕ್ಲಾಸಿನಲ್ಲಿ ಹಾಜರಿ ಕೂಗಿದರೂ ಬೆವರುವ ನಾನು ಯಾಕೆ ಕೈ ಎತ್ತಿದೆನೋ! “ಪೂರ್ವಗ್ರಹ ಇಲ್ಲದೆ, ಮೇಡಂ. ಎದುರಿನವರ ಬಗ್ಗೆ ಮೊದಲೇ ಮನಸ್ಸಲ್ಲಿ ಏನೂ ಇಟ್ಕೊಳ್ದೆ ಮಾತಾಡೋದು” ಅಂದೆ. ಡಿಕ್ಷನರಿಯಲ್ಲಿ ಹಾಗೇ ಇದೆ, ಬೇಕಾದರೆ ನೋಡು. ಮಾಲೀಕರ ವಕೀಲರು ಕಿಸಕ್ಕನೆ ನಕ್ಕರು, ಅವರ ಹಿಂದೆ ಇಡೀ ಕೋಣೆ. ನೀನು ಮಾತ್ರ ನನ್ನನ್ನು ಒಂದು ಕ್ಷಣ ನೋಡಿ, “ಈ ಹುಡುಗಿ ಹೇಳಿದ ಹಾಗೇ ಇದ್ದಿದ್ರೆ ಚೆನ್ನಾಗಿರ್ತಿತ್ತು” ಅಂದೆ. ಆಮೇಲೆ ಸರಿಯಾದ ಅರ್ಥ ಹೇಳಿಕೊಟ್ಟೆ.

ಈ ಹುಡುಗಿ.

ತಪ್ಪು ತಿಳಿಯಬೇಡ, ಅಲ್ಲಿ ನೀನು ಹಾಗೆಯೇ ಅನ್ನಬೇಕಿತ್ತು. ನಾನೂ ನಿನ್ನನ್ನು ಮೇಡಂ ಅಂದೆನಲ್ಲ. ಸೊಳ್ಳೆ ನನ್ನ ಕಿವಿಯಲ್ಲಿ, “ಈ ಮೇಡಂ ಮಕ್ಕಳು ಮನೇಲಿ ಉಸಿರಾಡೋಕೂ ಅರ್ಜಿ ಹಾಕ್ಬೇಕೇನೋ ಕಣೇ” ಅಂದಳು. ನನಗೆ ನಗು ಬಂತು, ಅಮ್ಮ. ಜೋರಾಗಿಯೇ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದೆ.

ನೀನು ಕೊನೆಗೆ ಹೇಳಿದ ಮಾತು ಮೂರು ದಿನದಿಂದ ತಲೆಯಲ್ಲೇ ಕೂತಿದೆ. ಮೊದಲು ರಾಜಿ ಕೇಳಿದರೆ ನಮ್ಮ ಕೇಸು ಸಡಿಲ ಅಂದುಕೊಳ್ಳುತ್ತಾರೆ ಅಂತ ಇಬ್ಬರೂ ಕಾಯುತ್ತಾ ಕೂತಿದ್ದರಂತೆ. ನೀನು ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕುತ್ತಾ, “ಕೇಳಿದ್ರೆ ಏನು ಸೋತ ಹಾಗಾ? ಒಬ್ಬರಾದ್ರೂ ಬಾಯಿ ಬಿಟ್ಟಿದ್ರೆ ಈ ಫೈಲು ಇಷ್ಟು ದಪ್ಪ ಆಗ್ತಿರ್ಲಿಲ್ಲ” ಅಂದೆ. ನಾವು ಹೊರಡುವಾಗ “ಊಟ ಮಾಡಿದ್ರಾ ಎಲ್ರೂ?” ಅಂತ ಕೇಳಿದೆ. ಎಲ್ರೂ ಅಂದರೂ ನೋಡಿದ್ದು ನನ್ನನ್ನು. ನಾನು ಹ್ಞೂಂ ಅಂದು ಎಲ್ಲರ ಜೊತೆ ಬಸ್ ಹತ್ತಿ ನೇರ ಹಾಸ್ಟೆಲಿಗೆ ಬಂದೆ.

ನಮ್ಮ ಫೈಲೂ ದಪ್ಪವಾಗಿದೆ, ಅಮ್ಮ. ನೀನಿರುವ ಊರಿನಲ್ಲೇ ಸೀಟು ಸಿಕ್ಕಿತು ಅಂತ ನಾನು ಫೋನ್ ಮಾಡಿದ್ದ ದಿನ ನೀನು ಕೇಳಿದ ಮೊದಲ ಪ್ರಶ್ನೆ, “ಹಾಸ್ಟೆಲ್ ಸಿಗತ್ತಾ?” ನಾನು “ಸಿಗತ್ತೆ” ಅಂದೆ. ಮಗಳಿಗೆ ಹಾಸ್ಟೆಲೇ ಅಭ್ಯಾಸ, ಮನೆಯಲ್ಲಿ ಅವಳಿಗೆ ಕಷ್ಟ ಅಂತ ನೀನು ಅಂದುಕೊಂಡೆಯೋ ಏನೋ. ಅಮ್ಮನಿಗೆ ಒಂಟಿಯಾಗಿದ್ದೇ ಅಭ್ಯಾಸ, ನಾನು ಹೋದರೆ ಇಕ್ಕಟ್ಟು ಅಂತ ನಾನು ಅಂದುಕೊಂಡೆ. ಬಾಯಿ ಬಿಡಲಿಲ್ಲ ಇಬ್ಬರೂ. ಒಂದೇ ಬಸ್ಸಿನ ದೂರದಲ್ಲಿದ್ದು ಭಾನುವಾರ ಭಾನುವಾರ ಫೋನಿನಲ್ಲಿ ಊಟದ ವಿಚಾರ ಕೇಳಿಕೊಳ್ಳುತ್ತಿದ್ದೇವೆ.

ಈ ಪತ್ರದ ಜೊತೆ ಮುಂದಿನ ವರ್ಷದ ಹಾಸ್ಟೆಲ್ ಫಾರ್ಮ್ ಇದೆ. ನಿನ್ನ ಸಹಿ ಬೇಕಂತೆ. ಈ ವಾರದೊಳಗೆ ಕೊಡದಿದ್ದರೆ ಕೋಣೆ ಬೇರೆಯವರಿಗೆ ಹೋಗುತ್ತದೆ ಅಂತ ವಾರ್ಡನ್ ಆಂಟಿ ಎರಡು ಸಲ ಬಾಗಿಲು ಬಡಿದಿದ್ದಾರೆ. ನೀನು ಸಹಿ ಮಾಡಿ ಕಳಿಸಿದರೆ ನಾನು ಇಲ್ಲೇ ಇರುತ್ತೇನೆ. ಮುನಿಸಿಕೊಳ್ಳುವುದಿಲ್ಲ, ಪ್ರಾಮಿಸ್. ಇಲ್ಲಿ ಚೆನ್ನಾಗಿಯೇ ಇದ್ದೇನೆ ಅಂತ ನಾನು ಇಷ್ಟು ವರ್ಷ ಹೇಳಿದ್ದೇನಲ್ಲ, ಅದನ್ನೇ ಇನ್ನೂ ನಾಲ್ಕು ವರ್ಷ ಹೇಳುತ್ತೇನೆ, ಅಷ್ಟೇ.

ಆದರೆ ಮೊದಲು ಬಾಯಿ ಬಿಡುವವಳು ನಾನೇ ಆಗಲಿ. ನನಗೆ ಮನೆಗೆ ಬರಬೇಕು. ರಜೆಗಲ್ಲ. ನೀನು ಸಂಜೆ ಚಪ್ಪಲಿ ಬಿಟ್ಟು ಯಾರಿಗೆ ಬೈಯುತ್ತಾ ಒಳಗೆ ಬರುತ್ತೀಯ ಅಂತ ನೋಡಬೇಕು. ನನಗೆ ನೀನು ಬೈಯಬೇಕು. ಬೇರೆ ಕೋಣೆ ಬೇಡ, ಆ ಸೋಫಾ ಸಾಕು. ಅದನ್ನು ಬೆಳಗ್ಗೆ ಮಡಚಬಾರದು, ಅದೊಂದೇ ನನ್ನ ಷರತ್ತು.

ಇಂತಿ ನಿನ್ನ,
ಹಿಂದಿನ ಸಾಲಿನ ಆ ಹುಡುಗಿ,
ಗುಬ್ಬಿ

ಬಿಟ್ಟುಹೋದ ಮಾತು: ನೇರ ಹಾಸ್ಟೆಲಿಗೆ ಬಂದೆ ಅಂತ ಬರೆದಿದ್ದು ಸುಳ್ಳು. (ಎತ್ತಿ ಆಡುವಂತಿಲ್ಲ, ಮೊದಲೇ ಹೇಳಿದ್ದೇನೆ.) ನಡುವೆ ಬಸ್ಸಿಳಿದು ಮನೆಯ ಹತ್ತಿರ ಹೋಗಿದ್ದೆ. ನೀನಿನ್ನೂ ಬಂದಿರಲಿಲ್ಲ, ಬೀಗ ಹಾಕಿತ್ತು. ಕಿಟಕಿಯ ಪರದೆ ಅರ್ಧ ಸರಿದಿತ್ತು, ಇಣುಕಿದೆ. ನಾನು ಹಿಂದಿನ ರಜೆ ಮುಗಿಸಿ ಬಂದು ಎಷ್ಟೋ ದಿನವಾಯಿತಲ್ಲ. ನೆಂಟರು ಯಾರಾದರೂ ಬಂದಿದ್ದಾರೇನೋ ಅಂತ ಬಾಗಿಲ ಹತ್ತಿರ ನೋಡಿದೆ, ನಿನ್ನ ಒಂದೇ ಜೊತೆ ಮನೆ ಚಪ್ಪಲಿ ಇತ್ತು. ನನ್ನ ಗೀರುಗೀರಿನ ಹೊದಿಕೆ ಹಾಸಿತ್ತು, ದಿಂಬಿನ ಪಕ್ಕ ನೀನು ರಾತ್ರಿ ಓದುವಾಗ ಹಾಕುವ ಕನ್ನಡಕ. ಅಮ್ಮ, ಸೋಫಾ ಬಿಚ್ಚೇ ಇತ್ತು.