ಟ್ರೇಯಲ್ಲಿಟ್ಟ ಲಿಂಗ

ಕಾರ್ಖಾನೆಯ ಮಾನ್ಯ ಆಡಳಿತಾಧಿಕಾರಿಗಳೇ,

ನೀರಿಲ್ಲದೆ ಕುಸಿದು ಬಿದ್ದ ಹೆಂಗಸಿಗೆ ತಾವು ನೋಟಿಸ್ ಕೊಟ್ಟಿದ್ದೀರಿ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಇಂಥ ಅಸಹ್ಯವನ್ನು ನಾನು ನೋಡಿರಲಿಲ್ಲ. ತಮ್ಮ ಕೋಣೆಯಲ್ಲಿ ಹೇಳಿದ್ದು ತಮಗೆ ಕೇಳಿಸಲಿಲ್ಲವಾದ್ದರಿಂದ ತುಮಕೂರಿಗೆಲ್ಲ ಕೇಳುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಗುಬ್ಬಿ ಕಡೆಯಿಂದ ಕಂಪನಿ ಬಸ್ಸಿನಲ್ಲಿ ವಸಂತನರಸಾಪುರಕ್ಕೆ ಬರುವ ಭದ್ರಮ್ಮ ನಮ್ಮ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವವರು. ಎಂಟು ವರ್ಷ ಕೊರಳಲ್ಲಿ ಇಷ್ಟಲಿಂಗ ಧರಿಸಿಯೇ ದುಡಿದರು, ಒಂದು ಬಿಸ್ಕತ್ತೂ ಅದರಿಂದ ಕೆಡಲಿಲ್ಲ. ಕಳೆದ ತಿಂಗಳು ತಮ್ಮ ಹೊಸ ನಿಯಮ ಬಂತು: ಒಳಗೆ ಹೋಗುವವರ ಕೊರಳಲ್ಲಿ ಏನೂ ಇರಕೂಡದು. ಗೇಟಿನ ಸೆಕ್ಯೂರಿಟಿಯವರು ಲಿಂಗವಿದ್ದ ಬೆಳ್ಳಿ ಕರಡಿಗೆ ಬಿಚ್ಚಿಸಿ ನೋಡಿದರು. ರಿಜಿಸ್ಟರಿನಲ್ಲಿ 'ಕಪ್ಪು ಕಲ್ಲು, ಒಂದು' ಎಂದು ಬರೆದು, ಗುಟ್ಕಾ ಪೊಟ್ಟಣ, ಲೈಟರುಗಳಿದ್ದ ಟ್ರೇಯಲ್ಲೇ ಅದನ್ನೂ ಹಾಕಿ, ಸಂಜೆ ವಾಪಸ್ ಪಡೆಯಲು ಟೋಕನ್ ಕೊಟ್ಟರು.

ಲಿಂಗ ಮೈಮೇಲಿಲ್ಲದಾಗ ಅನ್ನ ನೀರು ಮುಟ್ಟಬಾರದು ಎಂಬುದು ಭದ್ರಮ್ಮನ ನೇಮ. ಓವನ್ನಿನ ಕಾವು ತಟ್ಟುವ ಲೈನಿನಲ್ಲಿ ಎಂಟು ಗಂಟೆ, ಒಂದು ಗುಟುಕು ನೀರಿಲ್ಲ. ಲೈನ್ ಸೂಪರ್‌ವೈಸರ್ ಆದ ನಾನು, ಯಾರೂ ನೋಡುವುದಿಲ್ಲ, ಒಂದು ಲೋಟ ಕುಡಿಯಿರಿ ಎಂದು ಬುದ್ಧಿ ಹೇಳಲು ಹೋದೆ.

“ಯಾರು ನೋಡ್ದಿದ್ರೂ ನಾನು ನೋಡ್ತಾ ಇರ್ತೀನಲ್ಲವ್ವ,” ಅಂದರು.

ಐದನೇ ದಿನ ಬಿದ್ದರು.

ಶುಚಿತ್ವ ಮುಖ್ಯ, ಒಪ್ಪೋಣ. ಹಾಗಾದರೆ ಆಯುಧಪೂಜೆಗೆ ಅದೇ ಪ್ಯಾಕಿಂಗ್ ಮೆಷಿನ್ನಿಗೆ ಸೇವಂತಿಗೆ ಹಾರ ಹಾಕಿ, ಅರಿಶಿನ ಕುಂಕುಮ ಬಳಿದು, ಕೈಮುಗಿದು ಫೋಟೋ ತೆಗೆಸಿಕೊಂಡವರು ಯಾರು? ಮೂರು ದಿನ ಅದರ ದಳಗಳು ಉದುರುತ್ತಿದ್ದವಲ್ಲ, ಅವಕ್ಕೆ ಟೋಕನ್ ಕೊಟ್ಟಿದ್ದಿರಾ? ಮೆಷಿನ್ನಿಗೆ ದೇವರಿರಬಹುದು, ಮೆಷಿನ್ ನಡೆಸುವವಳಿಗೆ ಇರಬಾರದೇ? ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ರವಿಕೆಯೊಳಗೆ ಬಿಗಿದು, ಮೇಲೆ ಕಂಪನಿ ಕೋಟು ಹಾಕಿಕೊಳ್ಳುತ್ತೇನೆ ಎಂದು ಆಕೆ ಅಂಗಲಾಚಿದ್ದರು. ಅದನ್ನು ತಮಗೆ ತಿಳಿಸಿದವಳೂ ನಾನೇ. ಉತ್ತರವಾಗಿ ನೋಟಿಸ್ ಬಂತು: 'ಮೂಢನಂಬಿಕೆಯ ಕಾರಣ ಸ್ವಇಚ್ಛೆಯಿಂದ ನೀರು ತ್ಯಜಿಸಿ ಉತ್ಪಾದನೆಗೆ ಅಡ್ಡಿಪಡಿಸಿರುತ್ತೀರಿ. ಸೋಮವಾರದೊಳಗೆ ಸಮಜಾಯಿಷಿ ನೀಡದಿದ್ದಲ್ಲಿ ಕೆಲಸದಿಂದ ತೆಗೆಯಲಾಗುವುದು.' ಬಿದ್ದವಳ ಮೇಲೆ ಹೊರಿಸಲು ಎಷ್ಟು ಅಚ್ಚುಕಟ್ಟಾದ ಭಾಷೆ ಸಿಕ್ಕಿದೆ ತಮಗೆ.

ಹೇಸಿಗೆ ತಮ್ಮ ಮೇಲಷ್ಟೇ ಅಲ್ಲ, ನನ್ನ ಮೇಲೂ ಇದೆ. ನೋಟಿಸಿಗೆ ಸಹಿ ಹಾಕಿಸಿಕೊಂಡು ಬಾ ಎಂದು ನನ್ನನ್ನೇ ಆಸ್ಪತ್ರೆಗೆ ಕಳಿಸಿದಿರಿ, ನಾನೂ ಹೋದೆ. ಭದ್ರಮ್ಮನಿಗೆ ಸ್ವಂತ ಹೆಸರು ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದವರು ಕಾಗದದಲ್ಲಿ ಏನಿದೆ ಎಂದು ಕೇಳಿದರು. ಆರೋಗ್ಯ ನೋಡಿಕೊಳ್ಳಿ ಅಂತ ಬರೆದಿದ್ದಾರೆ ಎಂದೆ.

“ಒಳ್ಳೇ ಜನ ಕಣವ್ವ. ನೀನೇ ಓದಿದ್ಮೇಲೆ ಇನ್ನೇನು, ಕೊಡು,” ಎಂದು ಎದ್ದು ಕೂತು ಸಹಿ ಹಾಕಿದರು.

ಆ ನೋಟಿಸನ್ನು ವಾಪಸ್ ಪಡೆಯಿರಿ. ಆಕೆಯ ಲಿಂಗ ಕೋಟಿನೊಳಗಿರಲಿ, ನೀರು ಆಕೆಯ ಗಂಟಲಿಗೆ ಇಳಿಯಲಿ. ಆಗುವುದಿಲ್ಲವೆಂದರೆ ಸೋಮವಾರ ಆಸ್ಪತ್ರೆಗೆ ಬನ್ನಿ, ಆ ಕಾಗದವನ್ನು ಆಕೆಯ ಮುಖ ನೋಡುತ್ತ ತಾವೇ ಗಟ್ಟಿಯಾಗಿ ಓದಿ. ಒಳ್ಳೆಯ ಜನ ಎಂದು ಆಕೆ ಹೇಳಿದ್ದು ತಮ್ಮನ್ನೇ.

ಇಂತಿ,
ಸುಳ್ಳು ಓದಿ ಸಹಿ ಹಾಕಿಸಿಕೊಂಡು ಬಂದ
ಶಶಿಕಲಾ