ದಿಕ್ಸೂಚಿಯ ಗುಳ್ಳೆ

ಒಡಲೊಳಗಿನ ಕಂದನಿಗೆ,

ಬೆಂಗಳೂರಿನ ಕೋಗಿಲಿನಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ಬಂದ ಸುದ್ದಿ ನನಗೆ ತಿಳಿದದ್ದು ಇಲ್ಲಲ್ಲ, ನಡುಸಮುದ್ರದಲ್ಲಿ. ಅದನ್ನು ನಿನಗೆ ನಾನೇ ಹೇಳಬೇಕು.

ನಾನು ಸರಕು ಹಡಗಿನ ಅಧಿಕಾರಿ. ಹಡಗಿನ ನೆತ್ತಿಯ ಮೇಲಿರುವ ಕಾಂತದ ದಿಕ್ಸೂಚಿಯ ಆರೈಕೆ ನನ್ನ ಪಾಲಿನ ಕೆಲಸ. ಒಂದು ಬೆಳಿಗ್ಗೆ ನೋಡಿದರೆ ಅದರ ಬಟ್ಟಲಿನ ಗಾಜಿನಡಿ ಗಾಳಿಯ ಗುಳ್ಳೆ ಸೇರಿತ್ತು. ಗುಳ್ಳೆಯಿದ್ದರೆ ದಿಕ್ಕಿನ ಬಿಲ್ಲೆ ಸ್ಥಿರವಾಗಿ ನಿಲ್ಲದು. ಕಬ್ಬಿಣ ಹತ್ತಿರ ಬರಬಾರದೆಂದು ತಾಳಿಸರದ ಪಿನ್ನುಗಳನ್ನು ಬಿಚ್ಚಿಟ್ಟು ಮೇಲೆ ಹತ್ತಿದೆ. ಬಟ್ಟಲನ್ನು ಓರೆ ಮಾಡಿ, ತಿರುಪು ತೆಗೆದು, ನೀರು ಬೆರೆಸಿದ ಸ್ಪಿರಿಟ್ಟನ್ನು ಹನಿಹನಿಯಾಗಿ ತುಂಬಿದೆ. ಗುಳ್ಳೆ ಹೊರಬಿತ್ತು. ಎಷ್ಟೋ ಸಲ ಮೂಸಿದ ಆ ವಾಸನೆಗೆ ಅವತ್ತು ಹೊಟ್ಟೆ ತೊಳಸಿತು. ಕಂಬಿ ಹಿಡಿದು ವಾಂತಿ ಮಾಡುತ್ತಲೇ ಮುಟ್ಟು ತಪ್ಪಿದ ದಿನಗಳ ಲೆಕ್ಕ ಹಾಕಿದೆ. ನೀನಿದ್ದೆ.

ಸಂತೋಷಕ್ಕಿಂತ ಮೊದಲು ಭಯ ಬಂತು. ನಿನಗಿಂತ ಮುಂಚೆ ಒಂದು ಜೀವ ಬಂದು ಉಳಿಯದೆ ಹೋಗಿತ್ತು. "ಸಮುದ್ರ ಸುತ್ತೋಳ ಹೊಟ್ಟೇಲಿ ಎಂಗ್ ನಿಂತಾತು" ಎಂದು ರಾಜಾನುಕುಂಟೆಯ ನೆಂಟರು ಅಂದದ್ದು ಕಿವಿಯಲ್ಲೇ ಇತ್ತು.

ಕ್ಯಾಪ್ಟನ್‌ಗೆ ತಿಳಿಸಿದೆ. ಮುಂದಿನ ಬಂದರಿನಲ್ಲಿ ನನ್ನನ್ನು ಇಳಿಸುವುದೆಂದಾಯಿತು. ಮರುದಿನವೇ ದಟ್ಟ ಮಂಜಿನಲ್ಲಿ ಹಡಗಿನ ಕರೆಂಟು ಹೋಯಿತು. ಬೇಗನೆ ಮರಳಿತಾದರೂ ದಿನವೂ ನಾವು ನೋಡಿ ನಡೆಸುವ ವಿದ್ಯುತ್ತಿನ ದಿಕ್ಸೂಚಿ ಸುಧಾರಿಸಿಕೊಳ್ಳಲು ಗಂಟೆಗಳೇ ಬೇಕು. ಸುತ್ತ ಮೀನಿನ ದೋಣಿಗಳು. ದಿಕ್ಕಿಗೆ ನಂಬಲು ಉಳಿದದ್ದು ನಾನು ತುಂಬಿದ ಬಟ್ಟಲೊಂದೇ. ಕ್ಯಾಪ್ಟನ್ ರಾಡಾರಿನಲ್ಲಿ ದೋಣಿಗಳನ್ನು ನೋಡಿ ಎತ್ತ ತಿರುಗಬೇಕೆಂದು ಹೇಳುತ್ತಿದ್ದರು. ನಾನು ವಾಂತಿಗೆಂದು ಬಕೆಟ್ ಪಕ್ಕಕ್ಕಿಟ್ಟುಕೊಂಡು ಕಾವಲು ನಿಂತಿದ್ದೆ. ಚುಕ್ಕಾಣಿಯಲ್ಲಿದ್ದವನು ನಮ್ಮ ಆರ್.ಟಿ. ನಗರದ ಮೆಹಬೂಬ್ ಪಾಷಾ. ನೆತ್ತಿಯ ದಿಕ್ಸೂಚಿಯನ್ನು ಕೆಳಗೆ ತೋರಿಸುವ ಕನ್ನಡಿಯಿಂದ ಕಣ್ಣು ಕೀಳದೆ ಅಂದ, "ಅಲ್ಲಾಡ್ತಿಲ್ಲ ಮೇಡಮ್, ನೆಟ್ಟಗೈತೆ. ನೀವ್ ಸ್ವಲ್ಪ ಕೂತ್ಕೊಳ್ಳಿ."

ಕೂತೆ. ಹೊಟ್ಟೆಯ ಮೇಲೆ ಕೈಯಿಟ್ಟು, "ನೀನೂ ಗಟ್ಟಿಯಾಗಿ ನಿಲ್ಲು ಮಗಾ" ಎಂದೆ. ನಿನ್ನೊಡನೆ ಆಡಿದ ಮೊದಲ ಮಾತು ಅದು. ಸಂಜೆಗೆ ಮಂಜು ಹರಿಯಿತು. ಬಂದರು ಸೇರಿದ ಮೇಲೆ ಅಲ್ಲಿನ ಡಾಕ್ಟರು ನಿನ್ನ ಎದೆಬಡಿತ ಕೇಳಿಸಿದರು.

ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ನಿನ್ನ ಅಪ್ಪ ಅಶ್ವತ್ಥ್ ಕಾರು ಓಡಿಸುತ್ತಿದ್ದ. ಅವನ ತಾಯಿ, ನಿನ್ನ ಅಜ್ಜಿ ನಾಗಲಕ್ಷ್ಮಿ ನನ್ನ ಪಕ್ಕದಲ್ಲೇ ಇದ್ದರು. ಇನ್ನು ಹಡಗು ಸಾಕು ಅನ್ನುತ್ತಾರೆಂದು ಕಾಯುತ್ತಿದ್ದೆ. ಯಲಹಂಕ ದಾಟಿದ ಮೇಲೆ ಅಂದರು, "ಅಶ್ವತ್ಥನಿಗೆ ಮುಂಚೆ ನಂಗೂ ಒಂದು ಹೋಗಿತ್ತು ಕಣೇ. ನಾನ್ ಹೊಲ ಬಿಟ್ಟು ಯಾವ್ ಸಮುದ್ರಕ್ಕೆ ಹೋಗಿದ್ದೆ? ಇದನ್ನ ಹೆತ್ತು ಮೈ ಸುಧಾರಿಸ್ಕೊ. ಆಮೇಲೆ ನಿನ್ ಹಡಗಿಗೆ ನೀನ್ ಹೋಗು. ಕೂಸನ್ನ ನಾನ್ ನೋಡ್ಕೊತೀನಿ."

ಕಾರಿನ ಕನ್ನಡಿಯಲ್ಲಿ ನಿನ್ನ ಅಪ್ಪನ ಕಣ್ಣು ತುಂಬಿದ್ದು ಕಂಡಿತು.

ಅವಸರ ಬೇಡ ಕಂದಾ. ತಿಂಗಳು ತುಂಬಿಸಿಕೊಂಡು, ಮೈಕೈ ತುಂಬಿಕೊಂಡು ಬಾ. ನೂರು ಕಾಲ ಬಾಳು.

ನಿನಗಾಗಿ ಕಾಯುತ್ತಿರುವ
ಅಮ್ಮ, ಚೈತ್ರ